ಅಡುಗೆಮನೆಯ ಬೆಂಕಿ: ಹೊತ್ತುವ ಮೊದಲು, ಹೊತ್ತಿದ ಮೇಲೆ

(ಬೀದರ್ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಬಹಮನಿಗಳ ಕಾಲದ ಕಟ್ಟಡ ಎಂದು ಎಣಿಸಿ ಬಂದವರಿಗೆ ಇವತ್ತಿನ ವಿಷಯ ಸಪ್ಪೆ ಅನಿಸಬಹುದು. ಆಹ್ವಾನ ಪತ್ರಿಕೆ ನೋಡಿದ ನಮ್ಮ ಓಣಿಯ ಹಿರಿಯರೊಬ್ಬರು, "ಅಕ್ಕೋರೆ, ಇದು ಗ್ಯಾಸ್ ಏಜೆನ್ಸಿಯವರು ಹೇಳೋ ಮಾತದ, ನೀವ್ಯಾಕ ಹೇಳ್ಲಾಕತ್ತೀರಿ?" ಎಂದು ಕೇಳಿಯೇಬಿಟ್ಟರು. ಏಜೆನ್ಸಿಯವರು ಹೇಳುವುದು ರೆಗ್ಯುಲೇಟರಿನ ಮಾತು. ನಾನು ಹೇಳಬೇಕೆಂದಿರುವುದು ಮನೆಯ ಮಾತು.

ಇತಿಹಾಸವೇ ಬೇಕೆನ್ನುವವರಿಗೆ ಅದೂ ಇದೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನಮ್ಮ ಊರಿನ ನಡುವೆಯೇ ನಿಂತಿದೆ. ಮುಂಭಾಗದಲ್ಲಿದ್ದ ಎರಡು ಮಿನಾರುಗಳಲ್ಲಿ ಒಂದೇ ಉಳಿದಿರುವುದು ಯಾಕೆ ಎಂದು ಬೀದರಿನ ಮಕ್ಕಳೂ ಹೇಳಬಲ್ಲರು. ಹದಿನೇಳನೆಯ ಶತಮಾನದ ಕೊನೆಗೆ ಆ ಕಟ್ಟಡದಲ್ಲಿ ತೋಪಿನ ಮದ್ದು ತುಂಬಿಟ್ಟಿದ್ದರು. ಅದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಸಿಡಿಲು ಬಡಿದು ಹಾಗಾಯಿತೆಂದು ಹೇಳುವವರಿದ್ದಾರೆ. ಸಿಡಿಲೇ ಇರಬಹುದು. ಆದರೆ ಸಿಡಿಲು ಬೀದರಿನ ಎಷ್ಟೋ ಕಟ್ಟಡಗಳಿಗೆ ಬಡಿದಿದೆ; ಸಿಡಿದದ್ದು ಮದ್ದು ತುಂಬಿದ ಕಟ್ಟಡ. ಅದಕ್ಕೂ ಮುಂಚೆ, ಔರಂಗಜೇಬನು ಕೋಟೆಗೆ ಮುತ್ತಿಗೆ ಹಾಕಿದಾಗ, ಕಿಲ್ಲೇದಾರ ಸಿದ್ದಿ ಮರ್ಜಾನ್ ಸತ್ತದ್ದೂ ಶತ್ರುವಿನ ಕತ್ತಿಯಿಂದಲ್ಲ. ಬುರುಜಿನ ಹಿಂದೆ ತನ್ನವರೇ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಮಕ್ಕಳ ಸಮೇತ ಸುಟ್ಟುಕೊಂಡ. ಎರಡೂ ಕಡೆ ಕಿಡಿ ಎಲ್ಲಿಂದ ಬಂತು ಎಂದು ನಾವು ಕೇಳುತ್ತೇವೆಯೇ ಹೊರತು, ಮದ್ದನ್ನು ಅಲ್ಲಿ ಇಡಿಸಿದವರು ಯಾರು ಎಂದು ಕೇಳುವುದಿಲ್ಲ.

ಅಡುಗೆಮನೆಗೆ ಬಂದಾಗಲೂ ನಮ್ಮ ಪ್ರಶ್ನೆ ಇದೇ. ಬೆಂಕಿ ಹತ್ತಿತು ಎಂದ ಕೂಡಲೆ "ಆಕಿಗಿ ಖಬರ್ ಇರ್ಲಿಲ್ಲ" ಎನ್ನುತ್ತೇವೆ. ಗ್ಯಾಸ್ ಬಂದ್ ಮಾಡಲು ಮರೆತಳು, ಸೆರಗು ನೋಡಿಕೊಳ್ಳಲಿಲ್ಲ, ಫೋನಿನಲ್ಲಿ ಮಾತಾಡುತ್ತಿದ್ದಳು. ಇವೆಲ್ಲ ಒಮ್ಮೊಮ್ಮೆ ನಿಜವೇ. ಆದರೆ ಕಟ್ಟೆ ಎಷ್ಟು ಎತ್ತರವಿರಬೇಕು, ಸಿಲಿಂಡರ್ ಎಲ್ಲಿ ನಿಲ್ಲಬೇಕು, ಕಿಟಕಿ ಎಲ್ಲಿ ಬರಬೇಕು, ಸ್ವಿಚ್ಚಿನ ಬೋರ್ಡು ಯಾವ ಗೋಡೆಗಿರಬೇಕು, ಪೈಪು ಯಾವಾಗ ಬದಲಾಗಬೇಕು ಎಂಬುದನ್ನು ಆಕೆ ತೀರ್ಮಾನಿಸಿದ್ದು ನಾನು ಕಂಡ ಮನೆಗಳಲ್ಲಿ ಬಲು ಕಡಿಮೆ. ಮನೆ ಕಟ್ಟಿಸಿದವರು ಗಂಡಸರು, ಕಟ್ಟಿದ ಮೇಸ್ತ್ರಿ ಗಂಡಸು, ಪೈಪಿಗೆ ದುಡ್ಡು ಕೊಡಬೇಕಾದವರೂ ಅವರೇ. ಅಡುಗೆಮನೆಯ ಅವಘಡದಲ್ಲಿ ಅರ್ಧ ಭಾಗ ಮನೆ ಕಟ್ಟುವಾಗಲೇ ತಯಾರಾಗಿರುತ್ತದೆ ಎಂಬುದು ನನ್ನ ವಾದ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಸತ್ತರು. ಕಿಡಿ ಬಿಸಿಯೂಟದ ಒಲೆಯದ್ದು. ಆದರೆ ಮಕ್ಕಳನ್ನು ಕೊಂದದ್ದು ಆ ಒಲೆಯ ಮೇಲಿದ್ದ ಗರಿಯ ಚಾವಣಿ ಮತ್ತು ಇಕ್ಕಟ್ಟಾದ ಮೆಟ್ಟಿಲು. ಅಡುಗೆಯವಳು ಎಷ್ಟು ಜಾಗರೂಕಳಾಗಿದ್ದರೂ ಅವೆರಡನ್ನು ಬದಲಿಸಲು ಆಗುತ್ತಿರಲಿಲ್ಲ.

ಈಗ ಔರಾದ್ ಕಡೆಯ ಒಂದು ಹಳ್ಳಿಮನೆಯೊಳಗೆ ಹೋಗೋಣ. ನಾನು ಹುಟ್ಟಿ ಬೆಳೆದದ್ದು ಅಂಥದ್ದೇ ಮನೆಯಲ್ಲಿ. ಆಮೇಲೆ ವಿಜ್ಞಾನದ ಟೀಚರಾಗಿ ಮಕ್ಕಳ ಪಾಲಕರನ್ನು ಕಾಣಲು ಹೋದಾಗಲೂ ಕೂತು ಮಾತಾಡಿದ್ದು ಅಡುಗೆಮನೆಗಳಲ್ಲೇ. ಒಂದು ಮೂಲೆಯಲ್ಲಿ ನೆಲಕ್ಕೇ ಕೂಡಿಸಿದ ಮಣ್ಣಿನ ಒಲೆ. ಪಕ್ಕದಲ್ಲಿ ತೊಗರಿ ಕಟಗಿ, ಮೇಲೆ ಕುಳ್ಳು. ಇನ್ನೊಂದು ಗೋಡೆಗೆ ಗ್ಯಾಸಿನ ಒಲೆ, ಅದರ ಕೆಳಗೋ ಬದಿಗೋ ಸಿಲಿಂಡರ್. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾದ ಉಜ್ವಲಾ ಯೋಜನೆ ನಮ್ಮ ಗಡಿ ಹಳ್ಳಿಗಳವರೆಗೂ ಬಂತು, ಒಳ್ಳೆಯದೇ ಆಯಿತು. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಅಜ್ಜಿಯರನ್ನು ಕಂಡವಳು ನಾನು. ಆದರೆ ಗ್ಯಾಸ್ ಬಂದರೂ ಒಲೆ ಹೋಗಲಿಲ್ಲ. ಚಹಾ, ಪಲ್ಲೆ ಗ್ಯಾಸಿನ ಮೇಲೆ. ರೊಟ್ಟಿ, ಸ್ನಾನದ ನೀರು ಕಟ್ಟಿಗೆಯ ಮೇಲೆ. ತೊಗರಿ ಕಟಗಿ ಹೊಲದಲ್ಲಿ ಬಿಟ್ಟಿ ಸಿಗುತ್ತದೆ, ಸಿಲಿಂಡರಿಗೆ ದುಡ್ಡು ಬೇಕು. ಹತ್ತು ಜನರ ಮನೆಗೆ ಜೋಳದ ರೊಟ್ಟಿಯನ್ನು ಗ್ಯಾಸಿನ ಮೇಲೆ ಬೇಯಿಸಿ ನೋಡಿದವರು ಯಾರೂ ಮನೆಯ ಹೆಂಗಸನ್ನು ದೂರುವುದಿಲ್ಲ.

ಎರಡು ಒಲೆ ಒಂದೇ ಕೋಣೆಯಲ್ಲಿರುವುದೇ ಅಪಾಯದ ಮೂಲ. ಯಾಕೆಂದರೆ ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಹೊಗೆಯಂತೆ ಮೇಲೇರುವುದಿಲ್ಲ. ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕಿಕೊಂಡು ಹೋಗುತ್ತದೆ, ಹೊಸ್ತಿಲು ಎತ್ತರವಿದ್ದರೆ ಅದರ ಒಳಗೇ ನಿಲ್ಲುತ್ತದೆ. ನಮ್ಮ ಮಣ್ಣಿನ ಒಲೆ ಉರಿಯುವುದು ಆ ನೆಲದ ಮಟ್ಟದಲ್ಲೇ. ಹಿರಿಯರು ಚಾವಣಿಯ ಹತ್ತಿರ ಗವಾಕ್ಷಿ ಬಿಟ್ಟದ್ದು ಹೊಗೆ ಹೋಗಲೆಂದು. ಒಲೆಗೆ ಅದು ಸರಿಯಾದ ಜಾಗ. ಗ್ಯಾಸಿಗೆ ಬೇಕಾದದ್ದು ನೆಲಕ್ಕೆ ಹತ್ತಿದ ಕಂಡಿ. ಸಿಲಿಂಡರ್ ಬಂದ ದಿನ ಆ ಕಂಡಿ ಕೊರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎಷ್ಟು ಗ್ಯಾಸ್ ಸೋರಿದರೆ ಅಪಾಯ? ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಬೆಂಕಿ ಹಿಡಿಯಲು ಸಾಕು. ಎಂಟಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರದ ಅಡುಗೆಮನೆ ಲೆಕ್ಕ ಹಾಕಿ ನೋಡಿ. ಪೂರ್ತಿ ಕೋಣೆ ಆ ಮಟ್ಟಕ್ಕೆ ಬರಲು ಮುಕ್ಕಾಲು ಕಿಲೋ ಗ್ಯಾಸೂ ಬೇಡ. ಮನೆಗೆ ಬರುವ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಮೇಲಾಗಿ ಗ್ಯಾಸ್ ಕೆಳಗೇ ಕೂಡುವುದರಿಂದ ನೆಲದ ಮೇಲಿನ ಒಂದೆರಡು ಅಡಿ ತುಂಬಲು ಇನ್ನೂ ಕಡಿಮೆ ಸಾಕು. ರಾತ್ರಿ ಸಣ್ಣಗೆ ಸೋರುತ್ತಿದ್ದ ಗ್ಯಾಸು ಬೆಳಗ್ಗೆ ಒಲೆ ಹೊತ್ತಿಸುವವಳಿಗಾಗಿ ಕಾಯುತ್ತಿರುತ್ತದೆ.

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಮಾಲೆ ಹಾಕಿದ್ದ ಒಂಬತ್ತು ಮಂದಿ ಅಯ್ಯಪ್ಪ ಭಕ್ತರು ಒಂದು ಕೋಣೆಯಲ್ಲಿ ಮಲಗಿದ್ದರು. ರಾತ್ರಿ ಸಿಲಿಂಡರಿನಿಂದ ಗ್ಯಾಸ್ ಸೋರಿ ಹೊತ್ತಿಕೊಂಡಿತು. ಒಂಬತ್ತರಲ್ಲಿ ಎಂಟು ಮಂದಿ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಸೆರಗಿರಲಿಲ್ಲ, ಯಾವ ಹೆಂಗಸಿನ ಮರೆವೂ ಇರಲಿಲ್ಲ. ಮಲಗುವ ಕೋಣೆಯಲ್ಲಿ ಸಿಲಿಂಡರ್ ಇತ್ತು, ನೆಲದ ಮೇಲೆ ಜನ ಮಲಗಿದ್ದರು, ಗ್ಯಾಸೂ ನೆಲಕ್ಕೇ ಇಳಿದು ಬಂತು. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಿಲಿಂಡರ್ ಸ್ಫೋಟಕ್ಕೆ ಮನೆಯೇ ಕುಸಿದು ಹಲವರು ಸತ್ತದ್ದೂ ಬೆಳಗಿನ ಹೊತ್ತಿನಲ್ಲೇ.

ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ ಎಂದು ಶಾಲೆಯ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಮಗೆ ಬರುವ ಕೊಳೆತ ವಾಸನೆ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ವಾಸನೆಯಿಲ್ಲದ ಗ್ಯಾಸ್ ಕಟ್ಟಡದ ತಳದಲ್ಲಿ ತುಂಬಿಕೊಂಡು ಸಿಡಿದು ಸುಮಾರು 300 ಮಕ್ಕಳು, ಶಿಕ್ಷಕರು ಸತ್ತರು. ಆಮೇಲೆಯೇ ಅಲ್ಲಿ ಗ್ಯಾಸಿಗೆ ವಾಸನೆ ಬೆರೆಸುವುದನ್ನು ಕಾನೂನು ಮಾಡಿದರು. ಅಷ್ಟು ಮಕ್ಕಳ ಜೀವ ತೆತ್ತು ಬಂದ ಎಚ್ಚರಿಕೆಯನ್ನು ನಾವು ಊದಿನಕಡ್ಡಿ ಹಚ್ಚಿ ಮುಚ್ಚುತ್ತೇವೆ. ಇನ್ನೊಂದು ಮಾತು: ವಯಸ್ಸಾದವರಿಗೆ ಮೂಗು ಮಂದವಾಗುತ್ತದೆ, ಕೋವಿಡ್ ಬಂದುಹೋದ ಮೇಲೆ ಎಷ್ಟೋ ಜನರಿಗೆ ವಾಸನೆ ಸರಿಯಾಗಿ ತಿಳಿಯುತ್ತಿಲ್ಲ. ಅಂಥ ಅತ್ತೆ ಮನೆಯಲ್ಲಿ ಒಬ್ಬಳೇ ಇರುವ ಹೊತ್ತಿನಲ್ಲಿ ಯಾರೂ ಆಕೆಯ ಮೂಗನ್ನು ನೆಚ್ಚಬಾರದು. ಅಂಥ ಮನೆಯಲ್ಲಿ ರಾತ್ರಿ ರೆಗ್ಯುಲೇಟರಿನ ಗುಂಡಿಯನ್ನು ಬಂದ್ ಮಾಡಿ ಮಲಗುವ ರೂಢಿಯೊಂದೇ ದಾರಿ. ಒಲೆಯ ಗುಂಡಿ ಬಂದ್ ಮಾಡಿದರೆ ಮುಗಿಯಿತು ಎಂದುಕೊಂಡವರು ಬಹಳ. ಪೈಪಿನಲ್ಲಿ ತೂತಿದ್ದರೆ ಒಲೆಯ ಗುಂಡಿ ಏನು ಮಾಡೀತು?

ವಾಸನೆ ಬಂತು. ಮುಂದೇನು? ಮೊದಲು ಮೂಲೆಯ ಒಲೆಯಲ್ಲಿ ಕೆಂಡ ಇದೆಯೇ, ದೇವರ ಮುಂದೆ ದೀಪ ಇದೆಯೇ ನೋಡಿ, ಇದ್ದರೆ ಆರಿಸಿ. ಸ್ವಿಚ್ಚು ಮುಟ್ಟಬೇಡಿ. ಹಾಕಲೂಬೇಡಿ, ತೆಗೆಯಲೂಬೇಡಿ, ಎರಡರಲ್ಲೂ ಕಿಡಿ ಹಾರುತ್ತದೆ. ಔರಾದ್ ಕಡೆ ಕರೆಂಟು ಹೋದ ರಾತ್ರಿ ಕಡ್ಡಿ ಗೀರಿ "ಎಲ್ಲಿಂದ ಬರ್ಲಾಕತ್ತದ" ಎಂದು ಹುಡುಕುವವರು ಇದ್ದಾರೆ. ಅವರ ಧೈರ್ಯಕ್ಕೆ ಏನು ಹೇಳಲಿ! ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಅದು ಗ್ಯಾಸ್ ಸೋರಿಕೆಗೇ ಇರುವ ದೇಶದ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ. ಫೋನನ್ನು ಅಂಗಳಕ್ಕೆ ಬಂದ ಮೇಲೆ ತೆಗೆಯಿರಿ.

ಸೋರುವುದು ಸಿಲಿಂಡರಿನ ಬಾಯಿಂದಲೇ ಆಗಿದ್ದರೆ ಇನ್ನೊಂದು ಉಪಾಯವಿದೆ. ಹೊಸ ಸಿಲಿಂಡರ್ ಮನೆಗೆ ಬಂದಾಗ ಅದರ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ, ಆ ಮುಚ್ಚಳಕ್ಕೆ ಒಂದು ದಾರ ಇರುತ್ತದೆಯಲ್ಲ? ರೆಗ್ಯುಲೇಟರ್ ಕೂಡಿಸಿದ ಮೇಲೆ ನಾವು ಅದನ್ನು ಕತ್ತರಿಸಿ ಬಿಸಾಕುತ್ತೇವೆ. ಮಕ್ಕಳು ಬುಗುರಿ ಮಾಡಿಕೊಳ್ಳುತ್ತಾರೆ. ಆ ದಾರ ಇರುವುದು ಮುಚ್ಚಳ ಸಿಲಿಂಡರಿನ ಕುತ್ತಿಗೆಗೇ ತೂಗುತ್ತಿರಲಿ ಎಂದು. ರೆಗ್ಯುಲೇಟರ್ ತೆಗೆದು ಆ ಮುಚ್ಚಳವನ್ನು ಬಾಯಿಗೆ ಒತ್ತಿ ಕೂಡಿಸಿದರೆ ಸೋರಿಕೆ ನಿಲ್ಲುತ್ತದೆ. ನಾಳೆ ಮನೆಗೆ ಹೋದವರು ಅದು ಇದೆಯೇ ನೋಡಿ. ಅಲ್ಲೇ ಕುತ್ತಿಗೆಯ ಹತ್ತಿರ, ಕಬ್ಬಿಣದ ಪಟ್ಟಿಯ ಒಳಬದಿಗೆ ಒಂದು ಅಕ್ಷರ, ಒಂದು ಸಂಖ್ಯೆ ಬರೆದಿರುತ್ತದೆ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ಭಾಗ. 'ಬಿ-28' ಎಂದಿದ್ದರೆ 2028ರ ಜೂನಿನೊಳಗೆ ಆ ಸಿಲಿಂಡರಿನ ಪರೀಕ್ಷೆ ಆಗಬೇಕು. ಅವಧಿ ಮುಗಿದದ್ದು ಬಂದರೆ ಬೇಡವೆನ್ನುವ ಹಕ್ಕು ನಿಮಗಿದೆ.

ಈ ಅಕ್ಷರ ಇಂಗ್ಲಿಷಿನಲ್ಲಿದೆ, ಜೊತೆಗೆ ಬರುವ ಚೀಟಿ ಹೆಚ್ಚಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಬೇಕಾದವಳ ಮನೆಮಾತು ಕನ್ನಡ, ಮರಾಠಿ, ಉರ್ದು ಅಥವಾ ತೆಲುಗು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. ಅಂಥ ತಾಲ್ಲೂಕಿನಲ್ಲಿ ಗ್ಯಾಸಿನ ನಾಲ್ಕು ಮಾತನ್ನು ಮನೆಮಾತಿನಲ್ಲಿ ತಿಳಿಸುವುದು ಕಷ್ಟವಾಗಬಾರದು. ಸಿಲಿಂಡರ್ ತರುವ ಹುಡುಗ ನಾಲ್ಕೂ ಭಾಷೆ ಬಲ್ಲವನು. ಆತ ಬಾಗಿಲಲ್ಲಿ ಇಳಿಸಿ ಹೋಗದೆ, ಮುಚ್ಚಳ ತೆಗೆದು, ಒಳಗಿನ ರಬ್ಬರ್ ವಾಷರ್ ಸರಿಯಿದೆಯೇ ತೋರಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ ಹೋಗಬೇಕೆಂದು ನಾವೂ ಕೇಳಬೇಕು. ಕೇಳುವುದಿಲ್ಲ. ಚಿಲ್ಲರೆ ಕೊಟ್ಟು ಕಳಿಸುತ್ತೇವೆ.

ಪೇಟೆಯ ಅಡುಗೆಮನೆ ಬೇರೆ ತರಹ. ಭಾಲ್ಕಿಯ ಹೊಸ ಬಡಾವಣೆಗಳಲ್ಲಿ, ಬೀದರಿನ ಹೊಸ ಮನೆಗಳಲ್ಲಿ ಗ್ರಾನೈಟ್ ಕಟ್ಟೆ, ಅದರ ಕೆಳಗೆ ಕಪಾಟು, ಕಪಾಟಿಗೆ ಬಾಗಿಲು, ಒಳಗೆ ಸಿಲಿಂಡರ್. ಬೀಗರಿಗೆ ಸಿಲಿಂಡರ್ ಕಾಣಬಾರದಂತೆ! ಗಾಳಿಯಾಡದ ಕಪಾಟಿನಲ್ಲಿ ಸೋರಿದ ಗ್ಯಾಸ್ ಹೋಗುವುದೆಲ್ಲಿಗೆ? ಕಪಾಟಿನ ಬಾಗಿಲಿಗೆ ಕೆಳಗೂ ಮೇಲೂ ಜಾಲರಿ ಹಾಕಿಸಿದ ಮನೆಗಳು ಬೆರಳೆಣಿಕೆಯಷ್ಟು. ಪೈಪು ಕಟ್ಟೆಯ ತೂತಿನಿಂದ ಮೇಲೆ ಬರುತ್ತದೆ. ಗ್ರಾನೈಟಿನ ಹರಿತ ಅಂಚು ದಿನವೂ ಅದನ್ನು ಉಜ್ಜುತ್ತದೆ, ಕತ್ತಲಲ್ಲಿ ಇಲಿ ಕಡಿಯುತ್ತದೆ. ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಹಾಕಿಸಬೇಕು. ಅದಕ್ಕೂ ಐದು ವರ್ಷವೇ ಆಯಸ್ಸು. ಪೈಪಿನ ಮೇಲೆ ಇಸವಿ ಅಚ್ಚಾಗಿರುತ್ತದೆ. ಅದನ್ನು ಓದಲು ನೆಲಕ್ಕೆ ಬಗ್ಗಬೇಕು. ಮನೆಯ ಗಂಡಸರು ವರ್ಷಕ್ಕೊಮ್ಮೆ ಬಗ್ಗಿದರೆ ಸಾಕು.

ಕೋಟೆಯ ಸುತ್ತಿನ ಹಳೆಯ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ. ಓದಲು ಬಂದ ಹುಡುಗರ ಬಾಡಿಗೆ ರೂಮುಗಳಲ್ಲಿ ಸಣ್ಣ ಸಿಲಿಂಡರ್. ಎಲ್ಲೋ ಅಂಗಡಿಯ ಹಿಂದೆ ದೊಡ್ಡ ಸಿಲಿಂಡರಿನಿಂದ ತುಂಬಿಸಿದ್ದು. ಅದಕ್ಕೆ ಪರೀಕ್ಷೆಯೂ ಇಲ್ಲ, ಲೆಕ್ಕವೂ ಇಲ್ಲ. ಕಂಪನಿಗಳೇ ಐದು ಕಿಲೋ ಸಿಲಿಂಡರನ್ನು ನೇರವಾಗಿ ಮಾರುತ್ತವೆ. ಅದನ್ನು ತೆಗೆದುಕೊಳ್ಳಿ ಎಂದು ಹುಡುಗರಿಗೆ ಹೇಳುವುದು ಮನೆ ಮಾಲೀಕರ ಕೆಲಸ. ಇನ್ನು ಗ್ಯಾಸ್ ತೀರುವ ಹೊತ್ತಿಗೆ ಸಿಲಿಂಡರನ್ನು ಅಡ್ಡ ಮಲಗಿಸುವ ಚಾಳಿ ಊರಿಗೆಲ್ಲ ಇದೆ. ನಿಂತ ಸಿಲಿಂಡರಿನ ಬಾಯಿಂದ ಬರುವುದು ಆವಿ. ಮಲಗಿಸಿದರೆ ದ್ರವವೇ ಬರುತ್ತದೆ. ಒಂದು ಲೀಟರ್ ದ್ರವ ಹೊರಬಂದು ಸುಮಾರು 250 ಲೀಟರ್ ಗ್ಯಾಸಾಗುತ್ತದೆ. ಎರಡು ಹೊತ್ತಿನ ಚಹಾ ಉಳಿಸಲು ಇಷ್ಟು ಸಾಹಸ ಬೇಡ.

ಮಣ್ಣಿನ ಒಲೆಯ ಅಪಾಯ ಸಣ್ಣದೆಂದು ತಿಳಿಯಬೇಡಿ. ತೊಗರಿ ಕಟಗಿ ಉದ್ದ, ಒಣಗಿದ್ದು. ಬೇಗ ಹೊತ್ತಿ ಜೋರಾಗಿ ಉರಿಯುತ್ತದೆ. ಒಲೆಗೆ ತುರುಕಿದ ಕಟಗಿಯ ಮುಕ್ಕಾಲು ಭಾಗ ಹೊರಗೇ ಚಾಚಿರುತ್ತದೆ. ರೊಟ್ಟಿ ಬಡಿಯುತ್ತಾ ಕೂತವಳು ಹಂಚಿನ ಕಡೆ ನೋಡುತ್ತಿರುತ್ತಾಳೆ. ಬೆಂಕಿ ಕಟಗಿಯ ಗುಂಟ ಹಿಂದಕ್ಕೆ ಬಂದು ಒಲೆಯ ಬಾಯಿ ದಾಟುತ್ತದೆ, ಪಕ್ಕದ ಕಂತೆಗೆ ತಾಗುತ್ತದೆ. ಮಳೆಗಾಲದಲ್ಲಿ ಕಟಗಿ ತೋಯಬಾರದೆಂದು ಇಡೀ ರಾಶಿ ಒಲೆಯ ಬದಿಗೇ ಬರುತ್ತದೆ. ಎಳ್ಳ ಅಮವಾಸ್ಯೆಯ ಹಿಂದಿನ ರಾತ್ರಿ ನೆನಪಿಸಿಕೊಳ್ಳಿ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಹುಗ್ಗಿ, ಅಂಬಲಿ ಎಲ್ಲವೂ ಬೆಳಕು ಹರಿಯುವುದರೊಳಗೆ ಬುಟ್ಟಿ ಸೇರಿ ಹೊಲಕ್ಕೆ ಹೊರಡಬೇಕು. ಹೆಂಗಸರಿಗೆ ನಿದ್ದೆಯಿಲ್ಲ. ಗಂಡಸರಿಗೆ ಸಂಪೂರ್ಣ ನಿದ್ದೆ. ನನ್ನ ಪ್ರಕಾರ ವರ್ಷದಲ್ಲಿ ನಮ್ಮ ಅಡುಗೆಮನೆಗಳು ಅತಿ ಅಪಾಯದಲ್ಲಿರುವ ರಾತ್ರಿ ಅದು. ಕಟಗಿಯನ್ನು ಗೇಣುದ್ದ ಮುರಿದುಕೊಡಲು, ರಾಶಿಯನ್ನು ಹೊಸ್ತಿಲಾಚೆ ಇಡಲು ಎಚ್ಚರವಿರುವ ಇನ್ನೊಂದು ಜೀವ ಬೇಕು. ಹಸಿ ಕಟಗಿಗೆ ಟ್ರ್ಯಾಕ್ಟರಿನ ಡೀಸೆಲ್, ಗಾಡಿಯ ಪೆಟ್ರೋಲ್ ಸುರಿದು ಹೊತ್ತಿಸುವುದಂತೂ ಬೇಡವೇ ಬೇಡ. ಪೆಟ್ರೋಲಿನ ಆವಿ ಕಡ್ಡಿ ಹತ್ತಿರ ಬರುವ ಮೊದಲೇ ಹೊತ್ತುತ್ತದೆ.

ಎಣ್ಣೆಯ ಬೆಂಕಿಗೆ ಬರೋಣ, ಯಾಕೆಂದರೆ ತಪ್ಪು ಮದ್ದು ಮಾಡುವುದು ಇಲ್ಲೇ ಹೆಚ್ಚು. ದೀಪಾವಳಿಗೆ ಕರಚಿಕಾಯಿ ಕರಿಯಲು ಬಾಂಡಲಿ ಇಟ್ಟು, ಬಾಗಿಲಿಗೆ ಯಾರೋ ಬಂದರೆಂದು ಹೋದಿರಿ. ಎಣ್ಣೆ ಮೊದಲು ಹೊಗೆಯಾಡುತ್ತದೆ. ಅದು ಎಣ್ಣೆ ಕೊಡುವ ಎಚ್ಚರಿಕೆ. ಇನ್ನೂ ಕಾದರೆ ಯಾವ ಕಿಡಿಯೂ ಇಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಆಗ ಕೈಗೆ ಸಿಗುವುದು ತಂಬಿಗೆ ನೀರು. ಸುರಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಅಲ್ಲಿ ಒಂದೇ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿಗೆ, ಮುಖಕ್ಕೆ ಎಸೆಯುತ್ತದೆ. ಬಾಂಡಲಿಯಲ್ಲಿ ಹೊತ್ತಿದ ಬೆಂಕಿ ಅದರೊಳಗೇ ಇದ್ದರೆ ಮನೆಯನ್ನು ಸುಡುವುದಿಲ್ಲ; ಅದನ್ನು ಹೊರಗೆ ತರುವವರು ನಾವು. ಒಲೆ ಬಂದ್ ಮಾಡಿ, ಒಂದು ಪರಾತವನ್ನೋ ದೊಡ್ಡ ತಾಟನ್ನೋ ಅಡ್ಡ ಹಿಡಿದು ಬದಿಯಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಬಾಂಡಲಿ ಎತ್ತಿಕೊಂಡು ಅಂಗಳಕ್ಕೆ ಓಡಬೇಡಿ. ಉರಿಯುವ ಎಣ್ಣೆ ತುಳುಕುವುದು ಓಡುವವರ ಮೇಲೇ. ಬಡಿಯುತ್ತಿದ್ದ ಜೋಳದ ಹಿಟ್ಟು ಪಕ್ಕದಲ್ಲೇ ಇದೆ ಎಂದು ಅದನ್ನೂ ಎರಚಬೇಡಿ. ಗಾಳಿಯಲ್ಲಿ ಹಾರಿದ ಹಿಟ್ಟು ಬೆಂಕಿಗೆ ಹೊಸ ಇಂಧನ.

ಸಿಲಿಂಡರಿನ ಬಾಯಿಗೇ ಬೆಂಕಿ ಹತ್ತಿದರೆ ಅಗ್ನಿಶಾಮಕದವರು ತೋರಿಸಿಕೊಡುವ ರೀತಿ ನೀವು ನೋಡಿರಬಹುದು. ತೋಯಿಸಿದ ಗೋಣಿಚೀಲವನ್ನೋ ಹತ್ತಿಯ ಬಟ್ಟೆಯನ್ನೋ ಮುಂದೆ ಹಿಡಿದು ಮೇಲಿನಿಂದ ಹೊದಿಸಿ, ಅದರ ಮೇಲೆಯೇ ಗುಂಡಿ ತಿರುಗಿಸಿ ಬಂದ್ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಕೌದಿ ಇದೆ. ನೀರಲ್ಲಿ ಅದ್ದಿದ ಹಳೆಯ ಹತ್ತಿ ಕೌದಿಗಿಂತ ಒಳ್ಳೆಯದು ಯಾವುದೂ ಇಲ್ಲ. ಆದರೆ ಇದು ಬೆಂಕಿ ಹತ್ತಿದ ಮೊದಲ ಕ್ಷಣಗಳ ಕೆಲಸ. ಸಿಲಿಂಡರ್ ಸುತ್ತ ಉರಿ ಎದ್ದು ಅದು ಕಾದಿದ್ದರೆ ಯಾರೂ ಹತ್ತಿರ ಹೋಗಬಾರದು. ಪಾತ್ರೆ ಪಗಡೆ, ಒಡವೆ, ಆಧಾರ್ ಕಾರ್ಡು ಯಾವುದೂ ಬೇಡ, ಹೊರಗೆ ನಡೆಯಿರಿ.

ಬಟ್ಟೆಗೆ ಬೆಂಕಿ ತಾಗಿದರೆ ಓಡಬಾರದು. ನಿಲ್ಲಬೇಕು, ಮಲಗಬೇಕು, ಉರುಳಬೇಕು. ಮಕ್ಕಳಿಗೆ ಇದನ್ನು ಆಟ ಮಾಡಿ ಕಲಿಸಿ. ಅಡುಗೆ ಮಾಡುವಾಗ ನೈಲಾನ್ ನೈಟಿ, ಪಾಲಿಸ್ಟರ್ ಸೀರೆ ಕೆಟ್ಟದ್ದು. ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹಿಂದಿನವರು ಕಚ್ಚೆ ಹಾಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದದ್ದು ಕೆಲಸದ ಉಡುಗೆ. ಸೆರಗು ಹೊದ್ದುಕೊಂಡೇ ಅಡುಗೆ ಮಾಡು ಎನ್ನುವ ಮನೆಗಳು ಇವತ್ತಿಗೂ ಇವೆ. ಮಾವ ಅಡುಗೆಮನೆಯ ಕಡೆ ಬಂದರೆ ಸೊಸೆ ಸೆರಗು ಬಿಚ್ಚಿ ತಲೆಗೆ ಎಳೆದುಕೊಳ್ಳುತ್ತಾಳೆ, ಒಲೆಯ ಮುಂದೆಯೇ. ಇದನ್ನು ಬಿಡಿಸಬೇಕಾದವರು ಮಾವಂದಿರು. ಸೊಸೆಯರಿಗೆ ಹೇಳಿ ಪ್ರಯೋಜನವಿಲ್ಲ.

ಸುಟ್ಟ ಗಾಯಕ್ಕೆ ತಣ್ಣೀರು, ಇಪ್ಪತ್ತು ನಿಮಿಷ. ಇದೊಂದನ್ನು ಬರೆದುಕೊಳ್ಳಿ. ಮಂಜುಗಡ್ಡೆಯಲ್ಲ, ಟೂತ್‌ಪೇಸ್ಟ್ ಅಲ್ಲ, ಮಸಿಯಲ್ಲ, ಅರಿಶಿನವಲ್ಲ, ತುಪ್ಪವಲ್ಲ. ಇವನ್ನು ಹಚ್ಚಿಕೊಂಡು ಬಂದರೆ ಡಾಕ್ಟರು ಮೊದಲು ಅದನ್ನು ತೆಗೆಯಬೇಕು, ಆ ನೋವು ಬೇರೆ. ನಳದ ನೀರಿದ್ದರೆ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಔರಾದಿನ ಬೇಸಿಗೆಯಲ್ಲಿ ನಳ ಎಲ್ಲಿ ಬಂತು ಎನ್ನುತ್ತೀರಿ. ರಂಜಣಗಿಯ ನೀರನ್ನು ತಂಬಿಗೆಯಿಂದ ನಿಧಾನ ಹೊಯ್ಯಿರಿ. ಅದೂ ಕಡಿಮೆಯಿದ್ದರೆ ಶುಭ್ರ ಬಟ್ಟೆ ತೋಯಿಸಿ ಇಡುತ್ತಾ, ಬದಲಿಸುತ್ತಾ ಇರಿ. ಆಮೇಲೆ ಬಳೆ, ಉಂಗುರ, ಕಾಲುಂಗುರ. ಇವನ್ನು ಕೂಡಲೆ ತೆಗೆಯಬೇಕು. ಸುಟ್ಟ ಕೈಕಾಲು ಸ್ವಲ್ಪ ಹೊತ್ತಿನಲ್ಲೇ ಬಾಯುತ್ತದೆ. ಆಗ ಲೋಹದ ಬಳೆ ರಕ್ತ ಓಡಾಡದಂತೆ ಬಿಗಿಯುತ್ತದೆ, ಬೆರಳೇ ಹೋಗಬಹುದು. ಮುತ್ತೈದೆಯ ಬಳೆ, ಕಾಲುಂಗುರ ತೆಗೆಯುವುದು ಅಪಶಕುನವೆಂದು ಸುತ್ತ ನಿಂತವರು ತಡೆಯುತ್ತಾರೆ. ಆ ಹೊತ್ತಿನಲ್ಲಿ ಮನೆಯ ಹಿರಿಯ ಹೆಂಗಸು ತಾನೇ ಮುಂದೆ ಬಂದು ತೆಗೆದರೆ ಯಾರೂ ಮಾತಾಡುವುದಿಲ್ಲ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬೇಡಿ. 108ಕ್ಕೆ ಕರೆ ಮಾಡಿ. ದೊಡ್ಡ ಗಾಯವಾದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆ, ಅಲ್ಲಿಂದ ಮುಂದೆ ಬೇಕಾದರೆ ಹೈದರಾಬಾದ್. ಅಷ್ಟು ದೂರದ ದಾರಿಗೆ ರೋಗಿಯನ್ನು ಉಳಿಸಿಕೊಡುವುದು ಮನೆಯಲ್ಲಿ ಕಳೆದ ಆ ಇಪ್ಪತ್ತು ನಿಮಿಷ.

ಸಭೆಗೆ ಮುಜುಗರವಾಗುವ ಮಾತೊಂದಿದೆ, ಬಿಟ್ಟು ಹೋದರೆ ಉಪನ್ಯಾಸ ಸುಳ್ಳಾಗುತ್ತದೆ. 2009ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಎಂದು ಅಂದಾಜು ಮಾಡಿತು. ಅವರಲ್ಲಿ ನೂರಕ್ಕೆ 65 ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು ಹದಿನೈದರಿಂದ ಮೂವತ್ತನಾಲ್ಕರೊಳಗಿನವರು. ಅಡುಗೆ ಅತ್ತೆಯೂ ಮಾಡುತ್ತಾಳೆ, ಅಜ್ಜಿಯೂ ಮಾಡುತ್ತಾಳೆ. ಬೆಂಕಿ ಮಾತ್ರ ಹರೆಯದ ಸೊಸೆಯನ್ನೇ ಹೆಚ್ಚು ಹುಡುಕಿದ್ದು ಯಾಕೆ? "ಸ್ಟೋ ಸಿಡೀತು" ಎಂಬ ಒಂದು ವಾಕ್ಯದ ಹಿಂದೆ ಎಷ್ಟು ಕೊಲೆ, ಎಷ್ಟು ಆತ್ಮಹತ್ಯೆ ಅಡಗಿದ್ದವು ಎಂಬುದನ್ನು ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ ಕೂತು ದಾಖಲಿಸಿದರು. ವರದಕ್ಷಿಣೆ ಸಾವಿನ ಕಲಂ 1986ರಲ್ಲೇ ಬಂತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೆಯ ಕಲಂ. ಅಡುಗೆಮನೆಯ ಬೆಂಕಿಯ ನಿಜವಾದ ನಡೆ ಊರಿಗೆಲ್ಲ ಗೊತ್ತಿದ್ದರೆ ಸುಳ್ಳು ಬೆಂಕಿ ದಕ್ಕುವುದು ಕಷ್ಟ. ಎಣ್ಣೆಯ ಬೆಂಕಿ ಕೈ, ಮುಖ, ಎದೆಯನ್ನು ಹೇಗೆ ಸುಡುತ್ತದೆ, ಗ್ಯಾಸ್ ಸೋರಿದರೆ ಕೋಣೆಯ ಕಿಟಕಿ ಬಾಗಿಲು ಏನಾಗಿರುತ್ತವೆ ಎಂದು ತಿಳಿದ ನೆರೆಮನೆಯವರು, ಪಂಚಾಯತಿ ಸದಸ್ಯರು "ಗ್ಯಾಸ್ ಸಿಡೀತು" ಎಂದ ಕೂಡಲೆ ತಲೆಯಾಡಿಸುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಹೊರಗಿನ ಚಿಲಕ ಯಾಕೆ ಎಂದೂ ಕೇಳುತ್ತಾರೆ. ನಾನೂ ಕೇಳುತ್ತೇನೆ. ಬೆಕ್ಕು ಬರಬಾರದೆಂದರೆ ಜಾಲರಿ ಬಾಗಿಲು ಸಾಕು.

ಫೋನ್ ಸಂಖ್ಯೆಗಳು ನಿಮಗೆ ಗೊತ್ತು: ಬೆಂಕಿಗೆ 101, ಎಲ್ಲಕ್ಕೂ 112. ಆದರೆ ಔರಾದಿನಿಂದ ಗಡಿಯ ಹಳ್ಳಿಗೆ, ಭಾಲ್ಕಿಯಿಂದ ಒಳದಾರಿಯ ಊರಿಗೆ ಗಾಡಿ ಬರುವ ಹೊತ್ತಿಗೆ ಒಂದು ಕೋಣೆ ಉರಿದು ಮುಗಿದಿರುತ್ತದೆ. ಗಾಡಿ ಬರುವವರೆಗೆ ಊರೇ ಅಗ್ನಿಶಾಮಕ ದಳ. ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ. 1944ರಲ್ಲಿ ಮುಂಬಯಿ ಬಂದರಿನ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋಗಿ ಸತ್ತ ಸಿಬ್ಬಂದಿಯ ನೆನಪಿಗೆ. ಅದೇ ದಿನ ಬಾಬಾಸಾಹೇಬರ ಜಯಂತಿ, ನಮ್ಮ ಊರುಗಳಲ್ಲಿ ಓಣಿ ಓಣಿಯೂ ಸೇರುತ್ತದೆ. ಆ ಜನ ಸೇರಿದ ಕಡೆಗೇ ಅಗ್ನಿಶಾಮಕದವರನ್ನು ಕರೆದು, ಗೋಣಿಚೀಲ ತೋಯಿಸುವುದನ್ನು ಹೆಣ್ಣುಮಕ್ಕಳ ಕೈಯಿಂದಲೇ ಒಮ್ಮೆ ಮಾಡಿಸಬಾರದೆ? ಗಂಡಸರು ಮಾಡಿ ತೋರಿಸುತ್ತಾರೆ, ಹೆಂಗಸರು ದೂರದಿಂದ ನೋಡುತ್ತಾರೆ. ಬೆಂಕಿ ಹತ್ತಿದ ದಿನ ಮನೆಯಲ್ಲಿರುವವರು ನೋಡಿದವರು.

ವಿಮೆಯ ಮಾತು ಬಹಳ ಜನರಿಗೆ ಗೊತ್ತಿಲ್ಲ. ಅಧಿಕೃತ ಸಂಪರ್ಕವಿರುವ ಪ್ರತಿ ಮನೆಗೂ ತೈಲ ಕಂಪನಿಗಳ ವಿಮೆ ಇರುತ್ತದೆ, ನಾವು ಕಂತು ಕಟ್ಟಬೇಕಿಲ್ಲ. ಗ್ಯಾಸಿನ ಅವಘಡದಲ್ಲಿ ಸಾವಾದರೆ ತಲಾ 6 ಲಕ್ಷ ರೂಪಾಯಿವರೆಗೆ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ನೋಂದಾಯಿತ ವಿಳಾಸದ ಮನೆಯ ನಷ್ಟಕ್ಕೆ 2 ಲಕ್ಷದವರೆಗೆ. ಅವಘಡವಾದ ಕೂಡಲೆ ವಿತರಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪೊಲೀಸರಲ್ಲಿ ದಾಖಲಿಸಿ. ಪೈಪು, ಒಲೆಗೆ ಐಎಸ್‌ಐ ಗುರುತಿಲ್ಲದಿದ್ದರೆ, ಸಿಲಿಂಡರ್ ಬೇರೆ ವಿಳಾಸದಲ್ಲಿದ್ದರೆ ತಕರಾರು ಬರುತ್ತದೆ. ಮನೆ ಬದಲಿಸಿದವರು ಪುಸ್ತಕದ ವಿಳಾಸವನ್ನೂ ಬದಲಿಸಿಕೊಳ್ಳಿ.

ಕೊನೆಗೆ ಇಲ್ಲಿರುವ ಪಂಚಾಯತಿ ಸದಸ್ಯರಿಗೆ, ಎಂಜಿನಿಯರುಗಳಿಗೆ ಒಂದು ಮನವಿ. ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಮನೆಗೆ ಕನಿಷ್ಠ 25 ಚದರ ಮೀಟರ್, ಅದರಲ್ಲಿ ಅಡುಗೆಗೆ ಶುಚಿಯಾದ ಪ್ರತ್ಯೇಕ ಜಾಗ ಇರಬೇಕೆಂದು ನಿಯಮವೇ ಇದೆ. ಆ ಜಾಗದ ಹೊರಗೋಡೆಗೆ ನೆಲದ ಮಟ್ಟದಲ್ಲಿ ಎರಡು ಇಟ್ಟಿಗೆಯಷ್ಟು ಕಂಡಿ, ಅದಕ್ಕೆ ಇಲಿ ಬಾರದಂತೆ ಜಾಲರಿ. ಒಲೆಗೆ ಎತ್ತರದ ಕಟ್ಟೆ. ಸ್ವಿಚ್ಚಿನ ಬೋರ್ಡು ಬಾಗಿಲಿನ ಹೊರಗೆ. ಕಟ್ಟಿಗೆಯ ಒಲೆಗೆ ಹಿತ್ತಲಲ್ಲಿ ತಗಡಿನ ಚಪ್ಪರ. ಇಷ್ಟನ್ನು ನಕ್ಷೆಯಲ್ಲೇ ಬರೆದುಕೊಡಿ. ಕಂತಿನ ಹಣ ಬಿಡುಗಡೆಗೆ ಗೋಡೆಯ ಫೋಟೋ ತೆಗೆಯುವಾಗ ಆ ಕಂಡಿಯ ಫೋಟೋವನ್ನೂ ಕೇಳಿ. ಕೇಳಿದರೆ ಮೇಸ್ತ್ರಿ ಬಿಡುತ್ತಾನೆ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.